ಮೂಸಬ್ಬನವರು ಖತೀಜಮ್ಮನಿಗೆ ಕೊಟ್ಟ ಮಂಜು

ಸಿದ್ಧಕಟ್ಟೆಯ ಶಾಲೆಯಲ್ಲಿ ನಾನು ವಿಜ್ಞಾನದ ಅಧ್ಯಾಪಕನಾಗಿದ್ದ ಇಪ್ಪತ್ತೆಂಟು ವರ್ಷಗಳಲ್ಲಿ ಮೂಸಬ್ಬನವರ ಮೈಕಿಲ್ಲದೆ ಒಂದು ಕಾರ್ಯಕ್ರಮವೂ ನಡೆದದ್ದಿಲ್ಲ. ಸ್ವಾತಂತ್ರ್ಯ ದಿನದ ಬೆಳಿಗ್ಗೆ ನಾವು ಬಾವುಟದ ಹಗ್ಗ ಸರಿಮಾಡುವಷ್ಟರಲ್ಲಿ ಅವರು ಹಲಸಿನ ಮರಕ್ಕೆ ಎರಡು ಹಾರನ್ ಕಟ್ಟಿ ಮುಗಿಸಿರುತ್ತಿದ್ದರು. ಪೊಳಲಿಯ ಕಡೆಯ ಬಯಲಾಟಕ್ಕೂ, ಚರ್ಚಿನ ಹಬ್ಬಕ್ಕೂ, ಮಸೀದಿಯ ಉರೂಸಿಗೂ ಅವರದೇ ಮೈಕು. ಊರಿಗೆಲ್ಲ ಅವರು ಮೈಕಿನ ಮೂಸಬ್ಬ.

ಅವರ ಕಿವಿಯ ವಿಷಯ ಹೇಳಬೇಕು. ಸಭೆಯ ಹಿಂದೆ, ತಲೆಯನ್ನು ಒಂದಿಷ್ಟು ವಾಲಿಸಿಕೊಂಡು ನಿಂತರೆ, ನಾಲ್ಕು ಹಾರನ್‌ಗಳಲ್ಲಿ ಯಾವುದರೊಳಗೆ ಮಳೆನೀರು ಕೂತಿದೆ ಎಂದು ಹೇಳುತ್ತಿದ್ದರು. ಒಂದು ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಭಾಷಣ ಮಾಡುತ್ತಿದ್ದಾಗ ನನ್ನ ಹತ್ತಿರ ಬಂದು, "ಮಾಸ್ಟ್ರೇ, ಹೆಡ್‌ಮಾಸ್ಟ್ರಿಗೆ ಬಲಗಡೆಯ ಹಲ್ಲು ನೋವುಂಟು. ಸ್ವರ ಒಂದು ಬದಿಯಿಂದ ಬರ್ತಾ ಉಂಟು" ಎಂದರು. ನಾನು ನಕ್ಕುಬಿಟ್ಟೆ. ಮರುವಾರ ಮುಖ್ಯೋಪಾಧ್ಯಾಯರು ಬಂಟ್ವಾಳಕ್ಕೆ ಹೋಗಿ ಬಲಗಡೆಯ ದವಡೆಹಲ್ಲು ಕೀಳಿಸಿಕೊಂಡು ಬಂದರು.

ನಾವಿಬ್ಬರೂ ಮಾತನಾಡಿದ್ದೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಮೂಸಬ್ಬನವರ ಹೆಂಡತಿ ಖತೀಜಮ್ಮ. ಮೈಕಿನವರ ಮನೆಯಲ್ಲಿದ್ದರೂ ಅವರು ಮಾತನಾಡಿದ್ದು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಕುರ್‌ಆನ್ ಓದುವಾಗ ಮಾತ್ರ ಆ ಸ್ವರ ಬೇರೆಯೇ ಆಗುತ್ತಿತ್ತು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ನೆರೆಕರೆಯ ಏಳೆಂಟು ಹೆಣ್ಣುಮಕ್ಕಳಿಗೆ ಅವರ ಜಗಲಿಯಲ್ಲಿ ಓದಿನ ಪಾಠ. ಒಬ್ಬೊಬ್ಬಳ ತಪ್ಪನ್ನೂ ತಿದ್ದಿ, ತಾವೇ ಓದಿ ತೋರಿಸಿ, ಪುನಃ ಓದಿಸುತ್ತಿದ್ದರು. ನಾನು ಪೇಟೆಗೆ ಹೋಗುವ ದಾರಿ ಅದೇ. ಅರ್ಥವಾಗದಿದ್ದರೂ ಗೇಟಿನ ಹತ್ತಿರ ನನ್ನ ನಡಿಗೆ ನಿಧಾನವಾಗುತ್ತಿತ್ತು. ಅವರ ಪಾಠ ನನ್ನ ಪಾಠಕ್ಕಿಂತ ಮೇಲು ಎಂದು ಅನೇಕ ಸಲ ಅನಿಸಿದ್ದುಂಟು.

ಖತೀಜಮ್ಮನಿಗೆ ಉಬ್ಬಸವಿತ್ತು. ಐವತ್ತು ದಾಟಿದ ಮೇಲೆ ಅದು ಜೋರಾಯಿತು. ಪಾಠದ ನಡುವೆ ಮಾತು ತಡೆದು, ಎದೆಗೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು. ಮಕ್ಕಳು ಬಾಯಿ ಬಿಡದೆ ಕಾಯುತ್ತಿದ್ದರು. ವೈದ್ಯರು ದಿನಕ್ಕೆರಡು ಸಲ ನೆಬುಲೈಸರ್‌ನಲ್ಲಿ ಮದ್ದನ್ನು ಉಸಿರಿಗೆ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟರು. ಮೂತಿ ತಿರುಚಿ ತೆರೆಯುವ ಸಣ್ಣ ಪ್ಲಾಸ್ಟಿಕ್ ಕುಪ್ಪಿಗಳಲ್ಲಿ ಎರಡು ಬಗೆಯ ಮದ್ದು. ಒಂದು ನೀರಿನಂತೆ ತಿಳಿಯಾದದ್ದು. ಆ ಕ್ಷಣಕ್ಕೆ ಉಸಿರಿನ ದಾರಿಯನ್ನು ಸಡಿಲಿಸುವುದು. ಇನ್ನೊಂದು ತೆಳುವಾದ ಹಾಲಿನಂತೆ ಬಿಳಿ. ಅದು ಒಳಗಿನ ಬಾವನ್ನು ದಿನದಿನವೂ ಹಿಡಿತದಲ್ಲಿಡುವುದು. ಎರಡನ್ನೂ ಒಟ್ಟಿಗೆ ಬಟ್ಟಲಿಗೆ ಹಾಕಿ, ಮುಖಕ್ಕೆ ಮಾಸ್ಕ್ ಇಟ್ಟುಕೊಂಡು ಉಸಿರಾಡಬೇಕು.

ಮೊದಲು ಮನೆಯಲ್ಲಿದ್ದದ್ದು ಗಾಳಿಯನ್ನು ಒತ್ತಿ ಮದ್ದನ್ನು ಚಿಮ್ಮಿಸುವ ಯಂತ್ರ. ಅದು ಗುರುಗುಟ್ಟಿದರೆ ರಸ್ತೆಗೆ ಕೇಳುತ್ತಿತ್ತು. ಕುರ್‌ಆನ್ ಓದುವಲ್ಲಿ ಬೇರೆ ಸದ್ದು ಇರಬಾರದೆಂಬುದು ಆ ಮನೆಯ ಕಟ್ಟುನಿಟ್ಟು. ಮಸೀದಿಯ ಬಾಂಗ್ ಕೇಳಿಸಿದರಂತೂ ಮಿಕ್ಸಿಯನ್ನೂ ನಿಲ್ಲಿಸುವವರು. ಹಾಗಾಗಿ ಮಕ್ಕಳು ಗೇಟು ತೆರೆದ ಕೂಡಲೇ ಖತೀಜಮ್ಮ ಯಂತ್ರವನ್ನು ಆರಿಸಿಬಿಡುತ್ತಿದ್ದರು. ಅರ್ಧ ಮದ್ದು ಬಟ್ಟಲಿನಲ್ಲೇ ಉಳಿಯುತ್ತಿತ್ತು. ಮೂಸಬ್ಬ ಗದರಿದರೆ, "ಅಲ್ಲಾಹನ ಮಾತಿನ ಮೇಲೆ ಈ ಹಿಟ್ಟಿನ ಮಿಲ್ಲು ಓಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ" ಎನ್ನುತ್ತಿದ್ದರು.

ಮಗ ಫಯಾಝ್ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಇದನ್ನು ಕೇಳಿ, ಊರಿಗೆ ಬರುವಾಗ ಹೊಸ ಯಂತ್ರವೊಂದನ್ನು ತಂದ. ಅದಕ್ಕೆ ಸದ್ದೇ ಇಲ್ಲ.

ಮರುದಿನ ಬೆಳಿಗ್ಗೆಯೇ ಮೂಸಬ್ಬ ಅದನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಜೊತೆಗೆ ಅದರ ಕೈಪಿಡಿ. ಅರ್ಧ ಅರಬಿ, ಅರ್ಧ ಇಂಗ್ಲಿಷ್.

"ಮಾಸ್ಟ್ರೇ, ಇದು ಹೇಗೆ ಕೆಲಸ ಮಾಡ್ತದೆ ಅಂತ ನೋಡಿ ಮಾರಾಯ್ರೆ. ಮೋಟಾರಿಲ್ಲ, ಪಂಪಿಲ್ಲ. ಸ್ವಿಚ್ ಹಾಕಿದ್ರೆ ಹೊಗೆ ಬರ್ತದೆ. ಫಯಾಝ್‌ನ ಹತ್ರ ಕೇಳಿದ್ರೆ, ಅಪ್ಪಾ ಅದು ಟೆಕ್ನಾಲಜಿ ಅಂತಾನೆ. ಅವನಿಗೂ ಗೊತ್ತಿಲ್ಲ."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಓದುತ್ತಾ ನನಗೇ ಸಂಭ್ರಮವಾಯಿತು. ಯಂತ್ರದ ತಳದಲ್ಲಿ ಒಂದು ಸಣ್ಣ ಹರಳಿದೆ. ವಿದ್ಯುತ್ತು ಹರಿದಾಗ ಅದು ಸೆಕೆಂಡಿಗೆ ಹದಿನೇಳು ಲಕ್ಷ ಸಲ ಕಂಪಿಸುತ್ತದೆ. ಅದರ ಮೇಲೆ ಒಂದಿಷ್ಟು ನೀರು, ಆ ನೀರಿನಲ್ಲಿ ಮದ್ದಿನ ಬಟ್ಟಲು. ಕಂಪನ ನೀರಿನ ಮೂಲಕ ಬಟ್ಟಲನ್ನು ದಾಟಿ ಮದ್ದಿನ ಮೇಲ್ಮೈಯನ್ನು ಕದಡುತ್ತದೆ; ಕದಡಿದ ತುದಿಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಒಡೆದು ಮಂಜಾಗುತ್ತವೆ.

"ಇದು ಸದ್ದೇ, ಮೂಸಬ್ಬ. ನಮ್ಮ ಕಿವಿ ಕೇಳುವುದು ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗೆ. ಇದು ಹದಿನೇಳು ಲಕ್ಷ. ಹಾಗಾಗಿ ಕೇಳಿಸುವುದಿಲ್ಲ."

"ಸದ್ದಾ? ನನಗೂ ಕೇಳದ ಸದ್ದಾ?" ಎಂದು ಅವರು ಕಣ್ಣರಳಿಸಿದರು.

"ನಾಯಿಗೂ ಕೇಳಲಿಕ್ಕಿಲ್ಲ."

"ನಾಯಿಯ ಸಾಲಿನಲ್ಲಿ ನನ್ನನ್ನು ಸೇರಿಸಿದ್ರಲ್ಲ, ಸಂತೋಷ" ಎಂದು ನಕ್ಕರು. ಆಮೇಲೆ ಮನೆಗೆ ಓಡಿ, ಆಂಪ್ಲಿಫಾಯರನ್ನೂ ಮುಚ್ಚಳ ತೆಗೆದ ಹಳೆಯ ಸ್ಪೀಕರೊಂದನ್ನೂ ತಂದು, ಸ್ಪೀಕರನ್ನು ಜಗಲಿಯಲ್ಲಿ ಅಂಗಾತ ಇಟ್ಟರು. ನನ್ನ ಹೆಂಡತಿ ರಾಜೀವಿಯಿಂದ ಒಂದು ಹಿಡಿ ಅಕ್ಕಿಹಿಟ್ಟು ಕೇಳಿ ಪಡೆದು ಅದರ ಕಾಗದದ ಮೇಲೆ ಉದುರಿಸಿದರು. ಆಂಪ್ಲಿಫಾಯರ್ ತಿರುಗಿಸಿದಾಗ ಹಿಟ್ಟು ಎದ್ದು ಕುಣಿಯತೊಡಗಿತು. ಸ್ವರ ಏರಿದಂತೆ ಸಣ್ಣ ಕಣಗಳು ಧೂಳಾಗಿ ಮೇಲೆ ಹಾರಿದವು. ದೊಡ್ಡವು ಅಲ್ಲೇ ಉಳಿದು ಹೊರಳಾಡಿದವು.

"ಹೀಗೆ ಅಲ್ವಾ?" ಎಂದರು ಮೂಸಬ್ಬ.

"ಹೀಗೆಯೇ" ಎಂದೆ ನಾನು.

"ಜಗಲಿ ಗುಡಿಸುವವರು ಯಾರು ಇಬ್ಬರಲ್ಲಿ?" ಎಂದಳು ರಾಜೀವಿ.

ನೀರು ಎಷ್ಟು ಹಾಕಬೇಕು, ಬಟ್ಟಲನ್ನು ಹೇಗೆ ತೊಳೆಯಬೇಕು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಕಡೆಯ ಪುಟದಲ್ಲಿ ಸಣ್ಣ ಅಕ್ಷರದ ಎಚ್ಚರಿಕೆಗಳ ಪಟ್ಟಿಯಿತ್ತು. ಒದ್ದೆ ಕೈಯಿಂದ ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ ಎಂದು ಮೊದಲ ಮೂರು ನಾಲ್ಕನ್ನು ಓದಿ, ಎಲ್ಲ ಯಂತ್ರಗಳಿಗೂ ಇರುವಂಥದ್ದೇ ಎಂದು ಮಡಚಿದೆ. ಕೈಪಿಡಿ ನನ್ನ ಹತ್ತಿರವೇ ಉಳಿಯಿತು.

ಅಂದಿನಿಂದ ಆ ಮನೆಯ ಸಂಜೆ ಬದಲಾಯಿತು. ಖತೀಜಮ್ಮ ಮಾಸ್ಕ್ ಹಿಡಿದು ಜಗಲಿಯಲ್ಲಿ ಕೂರುವರು, ಸುತ್ತಲೂ ಮಕ್ಕಳು. ಓದು ನಡೆಯುತ್ತಿರುವಂತೆ ಮಾಸ್ಕಿನ ಬದಿಗಳಿಂದ ಬೆಳ್ಳಗೆ ಮಂಜು ಹೊರಬಂದು ಅವರ ತಲೆವಸ್ತ್ರದ ಅಂಚನ್ನು ಸವರಿ ಕರಗುತ್ತಿತ್ತು. ತಪ್ಪು ಕೇಳಿದರೆ ಒಂದು ಬೆರಳೆತ್ತುವರು, ಮಾಸ್ಕ್ ಸರಿಸಿ ತಿದ್ದುವರು, ಪುನಃ ಇಟ್ಟುಕೊಳ್ಳುವರು. ಮೂಸಬ್ಬ ಪಕ್ಕದಲ್ಲೇ ಕೂತು ಮಂಜನ್ನು ಕಾಯುವರು. ಅದು ತೆಳುವಾದರೆ ಬಟ್ಟಲಿಗೆ ನಾಲ್ಕು ಹನಿ ಸಲೈನ್ ಉಪ್ಪುನೀರು ಸೇರಿಸುವರು. ದಟ್ಟವಾದ ಮಂಜು ಬಂದಷ್ಟೂ ಅವರಿಗೆ ಸಮಾಧಾನ. ಮೈಕ್ ಪರೀಕ್ಷಿಸುವಾಗ ಕಿವಿಯನ್ನು ನಂಬಿದವರು ಇಲ್ಲಿ ಕಣ್ಣನ್ನು ನಂಬಿದರು.

"ಒಂದು ಹೊತ್ತು ತಪ್ಪಿಸ್ಲಿಲ್ಲ ಮಾಸ್ಟ್ರೇ" ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಅದು ನಿಜ. ಮದುವೆ ಮನೆಗೆ ಹೋದರೂ ಸಂಜೆ ನಾಲ್ಕಕ್ಕೆ ಎದ್ದು ಬರುತ್ತಿದ್ದರು.

ಮೊದಲ ಎರಡು ತಿಂಗಳು ಖತೀಜಮ್ಮ ಚೆನ್ನಾಗಿಯೇ ಇದ್ದರು. ಮಂಜು ತೆಗೆದುಕೊಂಡ ಕೂಡಲೇ ಉಸಿರು ಸಡಿಲವಾಗುತ್ತಿತ್ತು. ಆಮೇಲೆ ಆ ಸಡಿಲ ಮಧ್ಯಾಹ್ನದವರೆಗೂ ಉಳಿಯದಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯಿಂದ ಒಂದು ಕೊಡ ನೀರು ತಂದರೂ ಮೆಟ್ಟಿಲಲ್ಲಿ ಕೂರುತ್ತಿದ್ದರು. ಮೂಸಬ್ಬ ದಿನಕ್ಕೆ ಎರಡರ ಬದಲು ಮೂರು ಸಲ ಮಂಜು ಕೊಟ್ಟರು.

ಏಳನೆಯ ತಿಂಗಳಲ್ಲಿ ಊರಿಗೆಲ್ಲ ಶೀತಜ್ವರ ಬಂದಿತ್ತು. ಒಂದು ಮಂಗಳವಾರ ಸಂಜೆ ಪಾಠದ ನಡುವೆಯೇ ಖತೀಜಮ್ಮನಿಗೆ ಉಸಿರು ಕಟ್ಟಿತು. ಯಂತ್ರ ಹಾಕಿದರು, ಮಂಜು ಬಂತು, ಉಸಿರು ಬರಲಿಲ್ಲ. ತುಟಿ ನೀಲಿಯಾದದ್ದನ್ನು ಕಂಡು ಮಕ್ಕಳು ಕಿರುಚಿದರು. ನಾನು ಓಡಿಹೋಗುವಾಗ ಮೂಸಬ್ಬ ಅವರನ್ನು ರಿಕ್ಷಾಕ್ಕೆ ಎತ್ತುತ್ತಿದ್ದರು. ಬಂಟ್ವಾಳದಲ್ಲಿ ಆಮ್ಲಜನಕ ಕೊಟ್ಟು ಮಂಗಳೂರಿಗೆ ಕಳುಹಿಸಿದರು.

ಅಲ್ಲಿ ಯುವ ವೈದ್ಯರೊಬ್ಬರು ಚೀಟಿಗಳನ್ನು ತಿರುವಿ ನೋಡಿ, ಮೂಸಬ್ಬನವರನ್ನು ಕೇಳಿದರು:

"ಬಿಳಿ ಮದ್ದು ಯಾವಾಗಿನಿಂದ ಬಿಟ್ಟಿದ್ದೀರಿ?"

"ಬಿಡ್ಲಿಲ್ಲ ಡಾಕ್ಟ್ರೇ. ಒಂದು ದಿವಸವೂ ಬಿಡ್ಲಿಲ್ಲ."

"ಸರಿಯಾಗಿ ಕೊಟ್ಟಿದ್ರೆ ಎದೆ ಈ ಸ್ಥಿತಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ಆ ಮದ್ದು ಹೋಗಲೇ ಇಲ್ಲ ಅಂತ ಕಾಣ್ತದೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ."

ಮೂಸಬ್ಬ ನನ್ನ ಮುಖ ನೋಡಿದರು. "ಮಾಸ್ಟ್ರೇ, ನೀವು ಹೇಳಿ. ನೀವು ನೋಡಿದ್ದೀರಲ್ಲ" ಎಂದರು. ನಾನು ಹೇಳಿದೆ. ನಮ್ಮ ಹಿಂದೆ ಇನ್ನೂ ನಾಲ್ವರು ರೋಗಿಗಳು ಕಾಯುತ್ತಿದ್ದರು. ಮನೆಯ ಯಂತ್ರ ಎಂಥದ್ದೆಂದು ವೈದ್ಯರು ಕೇಳಲಿಲ್ಲ. ನಮಗೆ ಹೇಳಲು ತೋಚಲಿಲ್ಲ.

ಮೂರು ದಿನಗಳ ಮೇಲೆ, ಶುಕ್ರವಾರದ ನಮಾಝಿನ ಹೊತ್ತಿಗೆ, ಖತೀಜಮ್ಮ ತೀರಿಕೊಂಡರು. ಅವರಿಗೆ ಐವತ್ತೊಂಬತ್ತು ವರ್ಷ.

ದುಃಖದ ಮೇಲೆ ಆ ಮಾತು ಮೂಸಬ್ಬನವರನ್ನು ಕೊರೆಯಿತು. ಮನೆಗೆ ಬಂದವರೊಡನೆಯೆಲ್ಲ, "ಮದ್ದು ತಪ್ಪಿಸ್ಲಿಲ್ಲ ನಾನು" ಎಂದು ಹೇಳುತ್ತಿದ್ದರು. ಕೇಳಿದವರು, "ಇಲ್ಲ ಮೂಸಾಕ, ಯಾರು ಹಾಗೆ ಹೇಳಿದ್ದು?" ಎಂದು ಸಮಾಧಾನ ಮಾಡುತ್ತಿದ್ದರು. ಯಾರೂ ಹೇಳಿರಲಿಲ್ಲ, ಆ ವೈದ್ಯರ ಹೊರತು. ಖಾಲಿ ಕುಪ್ಪಿಗಳನ್ನು ಒಂದು ಚೀಲದಲ್ಲಿ ತುಂಬಿಟ್ಟಿದ್ದರು. ಒಂದು ದಿನ ಅದನ್ನು ನನ್ನ ಮುಂದೆ ಸುರಿದು, "ನೋಡಿ, ಎಲ್ಲಾ ಒಡೆದದ್ದೇ. ಮುಚ್ಚಿದ್ದು ಒಂದಾದರೂ ಉಂಟಾ ಹುಡುಕಿ" ಎಂದರು.

ನಲ್ವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಖತೀಜಮ್ಮನ ಬಟ್ಟೆಬರೆಗಳನ್ನು ಅವರ ಹೆಸರಿನಲ್ಲಿ ಇಲ್ಲದವರಿಗೆ ಹಂಚಿದರು. ಅದು ಅವರಲ್ಲಿ ನಡೆದುಬಂದ ಕ್ರಮ. ಯಂತ್ರವನ್ನು ಮೂಸಬ್ಬ ತಾವೇ ಹೊತ್ತುಕೊಂಡು ಹೋಗಿ ಯಾರಿಗೋ ಕೊಟ್ಟು ಬಂದರೆಂದು ಕೇಳಿದೆ. ಯಾರಿಗೆಂದು ನಾನು ವಿಚಾರಿಸಲಿಲ್ಲ.

ಅದಾಗಿ ಹದಿನೈದು ದಿನಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸಬೀಹಾ ನಮ್ಮ ಮನೆಗೆ ಬಂದಳು. ಅವಳು ಮೂಸಬ್ಬನವರ ಮಗಳ ಮಗಳು. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಿದ್ದಾಳೆ. ನನ್ನನ್ನು ಮಾಸ್ಟ್ರಜ್ಜ ಎಂದು ಕರೆಯುವವಳು. ಬಂದವಳು ಕೂರಲಿಲ್ಲ. ರಾಜೀವಿ ತಂದುಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟಳು.

"ಮಾಸ್ಟ್ರಜ್ಜ, ಅಜ್ಜನ ಹತ್ರ ಒಂದು ವಿಷಯ ಹೇಳ್ಬೇಕಾ ಬೇಡ್ವಾ ಅಂತ ನೀವೇ ಹೇಳಿ" ಎಂದು ಅಳತೊಡಗಿದಳು.

ಆ ವಾರ ಅವರ ತರಗತಿಯಲ್ಲಿ ಉಸಿರಿನ ಮೂಲಕ ಕೊಡುವ ಮದ್ದುಗಳ ಪಾಠ ನಡೆದಿತ್ತು. ಅಧ್ಯಾಪಕರು ಎರಡು ಯಂತ್ರ ತೋರಿಸಿದರಂತೆ, ಗಾಳಿಯದ್ದೊಂದು, ಶಬ್ದದ ಅಲೆಯದ್ದೊಂದು. ಎರಡಕ್ಕೂ ಆ ಬಿಳಿ ಮದ್ದನ್ನೇ ಹಾಕಿ, ಹೊರಬಂದ ಮಂಜನ್ನು ಹಿಡಿದು ಅಳೆದರಂತೆ.

"ಮಂಜು ಎರಡರಲ್ಲೂ ಬಂತು ಮಾಸ್ಟ್ರಜ್ಜ. ಸದ್ದಿಲ್ಲದ್ರಲ್ಲಿ ಇನ್ನೂ ಚಂದ ಬಂತು. ಆದ್ರೆ ಅದ್ರಲ್ಲಿ ಮದ್ದು ಇರ್ಲೇ ಇಲ್ಲ ಅನ್ಬಹುದು. ನೀರು ಮಾತ್ರ ಹಾರಿ ಹೋಗ್ತದೆ. ಬಿಳಿದು ಬಟ್ಟಲಲ್ಲೇ ಉಳೀತದೆ. ಆ ಮದ್ದು ನೀರಲ್ಲಿ ಕರಗಿದ್ದಲ್ಲ, ಪುಡಿ ತೇಲ್ತಾ ಇರುದು. ಹನಿ ಎಷ್ಟು ಸಣ್ಣದೋ ಪುಡಿಯೂ ಸುಮಾರು ಅಷ್ಟೇ. ಹನಿಯೊಳಗೆ ಹತ್ತುದಿಲ್ಲ. ತಿಳಿ ಮದ್ದಾದ್ರೆ ಹೋಗ್ತದೆ. ಅದಕ್ಕೇ ಅಜ್ಜಿಗೆ ಮೊದಮೊದ್ಲು ಸುಖ ಕಂಡದ್ದು." ಮೂಗು ಒರೆಸಿಕೊಂಡು, "ನಾನು ಎರಡು ಭಾನುವಾರ ನನ್ನ ಕೈಯಾರೆ ಬಟ್ಟಲು ತುಂಬಿಸಿ ಕೊಟ್ಟಿದ್ದೆ" ಎಂದಳು.

ನಾನು ಒಳಗೆ ಹೋಗಿ ಕಪಾಟಿನಿಂದ ಕೈಪಿಡಿಯನ್ನು ತೆಗೆದೆ. ಕಡೆಯ ಪುಟದ ಒಂಬತ್ತನೆಯ ಸಾಲು. ಕರಗದ ಕಣಗಳು ತೇಲುವ ಔಷಧಿಗಳನ್ನು ಈ ಯಂತ್ರದಲ್ಲಿ ಬಳಸಬಾರದು. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ.

ಉಪ್ಪು ನೀರು ದ್ರಾವಣ, ಸೀಮೆಸುಣ್ಣದ ಪುಡಿ ಕದಡಿದ ನೀರು ದ್ರಾವಣವಲ್ಲ ಎಂದು ಎಂಟನೆಯ ತರಗತಿಗೆ ವರ್ಷವರ್ಷವೂ ಎರಡು ಗಾಜಿನ ಲೋಟ ಹಿಡಿದು ತೋರಿಸಿದವನು ನಾನು. ಆ ಬಿಳಿ ಮದ್ದನ್ನು ಎಷ್ಟು ಸಲ ನೋಡಿದ್ದೆನೋ! ಇದನ್ನು ಹೇಳಿದರೆ, ಸುಳ್ಳುಗಾರನೆಂಬ ಮಾತಿನಿಂದ ಮೂಸಬ್ಬನವರಿಗೆ ಬಿಡುಗಡೆ. ಆದರೆ ಅದರ ಜಾಗಕ್ಕೆ ನಾವು ಇಡುವುದು ಇನ್ನೆಷ್ಟು ಭಾರದ್ದು!

"ಅಜ್ಜನಿಗೆ ವಯಸ್ಸಾಗಿದೆ. ಇನ್ನು ತಿಳಿದು ಆಗುವುದೇನು? ಬಿಟ್ಟುಬಿಡುವ, ಮಗಾ" ಎಂದಳು ರಾಜೀವಿ.

ನನ್ನ ಮನಸ್ಸೂ ಅತ್ತಲೇ ವಾಲಿತು ಎಂದು ಒಪ್ಪಿಕೊಳ್ಳಬೇಕು.

"ಹಾಗಾದ್ರೆ ಆ ಮೆಷಿನ್ ಎಲ್ಲಿ ಉಂಟು ಈಗ?" ಎಂದಳು ಸಬೀಹಾ. "ಮನೆಯಲ್ಲಿ ಕಾಣ್ಲಿಲ್ಲ."

ಆಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂಥ ಯಂತ್ರವನ್ನು ಉಬ್ಬಸವಿಲ್ಲದವರಿಗೆ ಯಾರು ಕೊಡುತ್ತಾರೆ?

ಮೂಸಬ್ಬ ಜಗಲಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದರು. ನಾನು ಎದುರು ಕೂತೆ. ಯಂತ್ರ ಯಾರಿಗೆ ಕೊಟ್ಟಿರಿ ಎಂದು ಮೊದಲು ಕೇಳಿದೆ.

"ಮಾಣಿ ಪೇಟೆಯ ಲೋಕನಾಥನಿಗೆ. ನನ್ನೊಟ್ಟಿಗೆ ಮೈಕ್ ಕಟ್ಲಿಕ್ಕೆ ಬರ್ತಿದ್ದನಲ್ಲ, ಈಗ ಟಯರ್ ಅಂಗಡಿ. ಅವನ ಮಗಳಿಗೆ ಐದು ವರ್ಷ, ಇದೇ ಕಾಯಿಲೆ. ದಿನಾ ಕ್ಲಿನಿಕ್ಕಿಗೆ ಎತ್ಕೊಂಡು ಹೋಗ್ತಿದ್ರು. ಖತೀಜಾಳ ಹೆಸರಲ್ಲಿ ಒಂದು ಮಗು ಉಸಿರಾಡ್ಲಿ ಅಂತ." ಸ್ಕ್ರೂಡ್ರೈವರ್ ಕೆಳಗಿಟ್ಟರು. "ಯಾಕೆ ಮಾಸ್ಟ್ರೇ?"

ಹೇಳಿದೆ. ಕೈಪಿಡಿ ಓದಿದ್ದು ನಾನು, ಓದದೆ ಬಿಟ್ಟದ್ದೂ ನಾನು ಎಂಬುದರಿಂದ ಆರಂಭಿಸಿ ಎಲ್ಲವನ್ನೂ ಹೇಳಿದೆ. ಮದ್ದು ಸರಿಯಾಗಿ ಹೋಗಿದ್ದರೂ ಆ ಜ್ವರದಲ್ಲಿ ಉಳಿಯುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು ಎಂಬುದನ್ನೂ ಹೇಳಿದೆ. ಅದು ಸತ್ಯವೇ ಆದರೂ ನನ್ನ ಬಾಯಿಯಲ್ಲಿ ನೆಪದಂತೆ ಕೇಳಿಸಿತು.

ಅವರು ತಲೆಯನ್ನು ಒಂದಿಷ್ಟು ವಾಲಿಸಿ ಕೇಳಿದರು. ಮುಗಿದ ಮೇಲೆ, "ಡಾಕ್ಟ್ರು ಹೇಳಿದ್ದು ಸುಳ್ಳಲ್ಲ ಹಾಗಾದ್ರೆ" ಎಂದರು. "ಮದ್ದು ಹೋಗ್ಲೇ ಇಲ್ಲ."

"ನೀವು ಕೊಟ್ಟಿದ್ದೀರಿ, ಮೂಸಬ್ಬ."

"ಕೊಟ್ಟದ್ದಲ್ಲ ಮಾಸ್ಟ್ರೇ, ಹೋದದ್ದು ಲೆಕ್ಕ." ಎದ್ದು ಅಂಗಿ ಹಾಕಿಕೊಂಡರು. ಗುಂಡಿಗಳು ಒಂದೂ ಸರಿಯಾದ ತೂತಿಗೆ ಬೀಳಲಿಲ್ಲ. "ಹೊರಡುವ. ಆ ಮಗುವಿನ ಹತ್ರ ಹೋಗುವ."

ಸಬೀಹಾ ಬರುತ್ತೇನೆಂದಳು. "ನೀನು ಇಲ್ಲೇ ಇರು. ಕೊಟ್ಟವನು ನಾನು, ಹೇಳ್ಬೇಕಾದವನೂ ನಾನೇ" ಎಂದರು.

ಮಾಣಿಯಲ್ಲಿ ನಾವು ಬಸ್ಸಿಳಿದಾಗ ಹನ್ನೆರಡು ಗಂಟೆ. ಹೆದ್ದಾರಿಯ ಪಕ್ಕದಲ್ಲೇ ಟಯರ್ ಅಂಗಡಿ, ಹಿಂದೆ ಮನೆ. ಲೋಕನಾಥ ದೂರದಿಂದಲೇ ಕೂಗಿದ: "ಎಂಥ ಮೂಸಾಕ, ಮೈಕ್ ಇಲ್ಲದೆ ಬಂದ್ರಿ? ನಿಮ್ಮ ಸ್ವರ ಇನ್ನು ಯಾರಿಗೆ ಕೇಳ್ತದೆ?"

ಮೂಸಬ್ಬ ನಗಲಿಲ್ಲ. "ಮಗು ಹೇಗಿದ್ದಾಳೆ?" ಎಂದರು.

ಲೋಕನಾಥನ ಹೆಂಡತಿ ವಿಸ್ಮಿತಾ ಬಾಗಿಲಿಗೆ ಬಂದಳು. ಸೆರಗು ಹಿಡಿದು ನಿಂತದ್ದು ಹಂಸಿಕಾ ಎಂಬ ಮಗು. ಅದರ ಮುಖದಲ್ಲಿ ಮೂಗಿನ ಹೊಳ್ಳೆಗಳೇ ದೊಡ್ಡವಾಗಿ ಕಂಡವು. ಉಸಿರೆಳೆದಾಗ ಕುತ್ತಿಗೆಯ ಬುಡ ಒಳಗೆ ಹೋಗುತ್ತಿತ್ತು.

"ಒಂದು ವಾರದಿಂದ ಕಫ ಜಾಸ್ತಿ ಕಾಕ. ಆದ್ರೆ ನಿಮ್ಮ ಮೆಷಿನ್ ಉಂಟಲ್ಲ, ಹೆದರಿಕೆ ಇಲ್ಲ. ಹೊಗೆ ಎಷ್ಟು ಬರ್ತದೆ! ಇವಳು ಮೋಡ ಅಂತ ಹೇಳಿ ಆಡ್ತಾಳೆ" ಎಂದಳು ವಿಸ್ಮಿತಾ.

"ಬಿಳಿ ಮದ್ದಾ ಹಾಕುದು?"

"ಹೌದು, ಕ್ಲಿನಿಕ್ಕಿನವರು ಬರ್ದದ್ದು ಅದೇ."

"ಆ ಮೆಷಿನನ್ನು ತಾ ಅಮ್ಮ. ನಾನು ವಾಪಸ್ ತಕೊಂಡು ಹೋಗ್ಬೇಕು."

ವಿಸ್ಮಿತಾಳ ಮುಖ ಬಿದ್ದುಹೋಯಿತು. "ಕೊಟ್ಟದ್ದನ್ನು ಕೇಳ್ಲಿಕ್ಕೆ ಬಂದ್ರಾ ಕಾಕ? ನಿಮ್ಮವರಿಗೆ ಬೇಕಾಯ್ತೋ? ಮೊದ್ಲೇ ಹೇಳಿದ್ರೆ ಮುಟ್ತಿರ್ಲಿಲ್ಲ. ಇವಳನ್ನು ಸೊಂಟದಲ್ಲಿ ಎತ್ಕೊಂಡು ದಿನಾ ಕ್ಲಿನಿಕ್ಕಿನಲ್ಲಿ ಸಾಲು ನಿಲ್ಲುವುದು ನಾನು, ನೀವಲ್ಲ."

"ಏಯ್, ಸುಮ್ಮನಿರು ಮಾರಾಯ್ತಿ" ಎಂದ ಲೋಕನಾಥ.

"ಹೇಳ್ಲಿ ಬಿಡು, ಅವಳು ಹೇಳ್ಬೇಕು" ಎಂದರು ಮೂಸಬ್ಬ. ನಾನು ವಿವರಿಸಲು ಬಾಯಿ ತೆರೆದೆ, ಕೈಯೆತ್ತಿ ತಡೆದರು. ಮೆಟ್ಟಿಲ ಮೇಲೆ ಕೂತರು. ಮಗುವಿನ ಎತ್ತರಕ್ಕೆ ಬಂದರು.

"ವಿಸ್ಮಿತಾ, ನನ್ನ ಹೆಂಡ್ತಿ ಏಳು ತಿಂಗಳು ಇದ್ರ ಮೋಡ ಕುಡಿದ್ಲು. ಆ ಮೋಡದಲ್ಲಿ ಈ ಬಿಳಿ ಮದ್ದು ಇರುದಿಲ್ಲ. ನನಗೆ ಗೊತ್ತಿರ್ಲಿಲ್ಲ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಅವಳು ಹೋದ್ಲು. ನಾನು ಅದನ್ನೇ ತಂದು ಅವಳ ಹೆಸರು ಹೇಳಿ ನಿನ್ನ ಮಗುವಿನ ಮುಖಕ್ಕೆ ಇಟ್ಟೆ. ನನಗೆ ಬೈಯಿ. ಬೈದು ಆದ ಮೇಲೆ ಮಗುವನ್ನು ಎತ್ಕೋ, ಈಗಲೇ ಡಾಕ್ಟ್ರ ಹತ್ರ ಹೋಗುವ."

ಅವಳು ಬೈಯಲಿಲ್ಲ. ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಲೋಕನಾಥ ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಪಕ್ಕದವರ ರಿಕ್ಷಾ ಕರೆದ.

ಕ್ಲಿನಿಕ್ಕಿನ ವೈದ್ಯೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮೂಸಬ್ಬ ಅವರ ಮುಖವನ್ನೇ ನೋಡುತ್ತಿದ್ದರು; ಎದೆಯೊಳಗಿನ ಸದ್ದನ್ನು ತಾವೂ ಕೇಳಲು ಯತ್ನಿಸುವಂತೆ. ಒಳಗೆ ಬಾವಿದೆ, ಆದರೆ ಸಮಯಕ್ಕೆ ಬಂದಿದ್ದೀರಿ ಎಂದರು ವೈದ್ಯೆ. ಗಾಳಿಯ ಯಂತ್ರದಲ್ಲಿ ಅಲ್ಲೇ ಮದ್ದು ಕೊಟ್ಟರು. ಎರಡು ದಿನ ಬೆಳಿಗ್ಗೆ ಸಂಜೆ ಕರೆತನ್ನಿ, ಆಮೇಲೆ ಮನೆಗೆ ಪಂಪಿನಂಥದ್ದನ್ನು ಬರೆದುಕೊಡುತ್ತೇನೆ ಎಂದರು. ಆ ಯಂತ್ರ ಕೋಣೆ ತುಂಬ ಗುರುಗುಟ್ಟಿತು. ಮಗು ಹೆದರಿ ಅತ್ತಿತು. ಅರ್ಧ ಗಂಟೆಯಲ್ಲಿ ಅದರ ಕುತ್ತಿಗೆಯ ಬುಡ ಒಳಗೆ ಹೋಗುವುದು ಕಡಿಮೆಯಾಯಿತು. ಅದನ್ನು ನೋಡಿ ಮೂಸಬ್ಬ ಹೊರಗೆ ಹೋಗಿ ಗೋಡೆಯ ಕಡೆಗೆ ತಿರುಗಿ ನಿಂತರು. ನಾನು ಹತ್ತಿರ ಹೋಗಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಯಂತ್ರದ ಚೀಲ ಅವರ ತೊಡೆಯ ಮೇಲಿತ್ತು. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಾಯಿಸಿದೆವು. ಬಸ್ಸು ಬಂಟ್ವಾಳದ ಪೇಟೆ ದಾಟಿತು. ಆಮೇಲೆ ಮೂಸಬ್ಬ ನನ್ನ ಕಡೆ ತಿರುಗದೆ ಕೇಳಿದರು:

"ಮಾಸ್ಟ್ರೇ, ಏಳು ತಿಂಗಳು ಅವಳು ಉಸಿರಾಡಿದ್ದು ಎಂಥದ್ದು ಹಾಗಾದ್ರೆ?"

"ಹೆಚ್ಚಾಗಿ ಉಪ್ಪು ನೀರು. ಸ್ವಲ್ಪ ತಿಳಿ ಮದ್ದು."

"ಅದ್ರಿಂದ ಕಷ್ಟ ಆಗಿರ್ಲಿಕ್ಕಿಲ್ಲ ಅಲ್ವಾ ಅವಳಿಗೆ?"

"ಇಲ್ಲ."

"ಉಪಕಾರವೂ ಇಲ್ಲ."

ಕಂಡಕ್ಟರ್ ಬಂದು ಹೋದ.

"ಅವಳು ಹೇಳಿದ್ಲು ಮಾಸ್ಟ್ರೇ" ಎಂದರು. ಸ್ವರ ಬಹಳ ತಗ್ಗಿತ್ತು. ಬಸ್ಸಿನ ಸದ್ದಿನಲ್ಲಿ ನಾನು ಬಾಗಿ ಕೇಳಬೇಕಾಯಿತು. "ಮೂರು ಸಲ ಹೇಳಿದ್ಲು. ‘ನೋಡಿ, ಬಿಳಿದು ಹಾಗೇ ಉಳ್ದಿದೆ ಬಟ್ಟಲಲ್ಲಿ. ನನ್ನೊಳಗೆ ಹೋಗ್ತಾ ಇಲ್ಲ ಅಂತ ಕಾಣ್ತದೆ’ ಅಂತ. ನಾನು ಎಂಥ ಹೇಳಿದೆ ಗೊತ್ತುಂಟಾ? ‘ಮಾಸ್ಟ್ರು ಪುಸ್ತಕ ಓದಿ ಹೇಳಿದ್ದು, ನಿನಗೆಂಥ ಗೊತ್ತು, ಸುಮ್ಮನೆ ಎಳಿ’ ಅಂದೆ. ಸಲೈನ್ ಹಾಕಿ ಪುನಃ ಹೊಗೆ ಎಬ್ಬಿಸಿದೆ. ಅವಳು ಎಳೆದ್ಲು. ಮತ್ತೆ ಹೇಳ್ಲಿಲ್ಲ."

ನನ್ನ ಹೆಸರು ಹೇಳಿ ಅವರು ಆ ಬಾಯಿ ಮುಚ್ಚಿಸಿದ್ದರು. ಈ ವಯಸ್ಸಿನಲ್ಲಿ ಇದಕ್ಕಿಂತ ಕಠಿಣವಾದದ್ದೊಂದನ್ನು ನಾನು ಕೇಳಿಸಿಕೊಂಡಿಲ್ಲ. ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ತಪ್ಪು ನನ್ನದೆಂದು ಇನ್ನೊಮ್ಮೆ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಹೇಳಿದ್ದರೆ ಅದೂ ನನ್ನ ಸಮಾಧಾನಕ್ಕೇ ಆಗುತ್ತಿತ್ತು.

ಸಿದ್ಧಕಟ್ಟೆಯಲ್ಲಿ ಇಳಿದೆವು. ಇಳಿಹೊತ್ತಿನ ಅಸ್ರ್ ನಮಾಝಿನ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು. ನಾನು ಚೀಲಕ್ಕೆ ಕೈ ಚಾಚಿದೆ.

"ಕೊಡಿ, ಅದನ್ನು ನಾನು ಎಲ್ಲಾದರೂ ಹಾಕುತ್ತೇನೆ. ನಿಮ್ಮ ಕಣ್ಣಿಗೆ ಬೀಳುವುದು ಬೇಡ."

ಮೂಸಬ್ಬ ಚೀಲವನ್ನು ಎದೆಯ ಹತ್ತಿರಕ್ಕೆ ಸರಿಸಿಕೊಂಡರು.

"ಬೇಡ ಮಾಸ್ಟ್ರೇ. ಮಾಸ್ಕ್ ಇದ್ರಲ್ಲೇ ಉಂಟು. ಏಳು ತಿಂಗಳು ಅವಳ ಉಸಿರು ತಾಗಿದ್ದು."

ಹಾಗೆ ಹೇಳಿ ಮನೆಯ ದಾರಿ ಹಿಡಿದು ಹೋದರು.